ನಕ್ಷೆಯೂ ನೆಲವೂ

ಹಾದಿಯನ್ನು ಬಿಟ್ಟು, ನಕ್ಷೆ ದಿಕ್ಸೂಚಿಗಳನ್ನೇ ನಂಬಿ, ಗೊತ್ತುಮಾಡಿದ ಗುರುತುಗಳನ್ನು ಒಂದೊಂದಾಗಿ ಅರಸುತ್ತ ಹೋಗುವ ಆಟವೊಂದುಂಟು. ಓರಿಯಂಟಿಯರಿಂಗ್ ಎಂಬುದು ಅದರ ಹೆಸರು. ಸ್ಕ್ಯಾಂಡಿನೇವಿಯದ ಸೈನಿಕರ ಅಭ್ಯಾಸವಾಗಿದ್ದ ಇದನ್ನು 1919ರ ಸುಮಾರಿಗೆ ಸ್ವೀಡನ್ನಿನ ಎರ್ನ್‌ಸ್ಟ್ ಕಿಲ್ಲಾಂಡರ್ ಎಂಬ ಅಧಿಕಾರಿಯು ತರುಣರ ಆಟವನ್ನಾಗಿ ಮಾಡಿದನು. ನಮ್ಮ ತರುಣರೂ ಈಗ ಬೆಟ್ಟ ಬಯಲುಗಳನ್ನು ಕಾಲ್ನಡೆಯಿಂದ ಸುತ್ತತೊಡಗಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಕಾಲು ಜಾರಿ ಬಿದ್ದವರ ವಾರ್ತೆಗಳೂ ಅದರ ಬೆನ್ನಿಗೇ ಬರುತ್ತಿರುವುವು. ಅವನ್ನು ಓದಿ ‘ಹುಡುಗರ ಹುಂಬತನ’ವೆಂದು ತಲೆಯಾಡಿಸಿ ಸುಮ್ಮನಾಗುವುದು ಸುಲಭ. ಹುಂಬತನಕ್ಕೆ ವಯಸ್ಸಿನ ಕಟ್ಟಿಲ್ಲವೆಂಬುದನ್ನು ಈ ಲೇಖಕನು ತನ್ನ ಮೈಮೇಲೆಯೇ ಅರಿತಿರುವನು.

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯ ಬಳಿ, ಕೊಯ್ಲು ಮುಗಿದ ಗದ್ದೆಬಯಲಿನಲ್ಲಿ ನಡೆದ ಮಾತಿದು. ಕೈಯಲ್ಲಿ ನಕ್ಷೆ ಇದ್ದಿತು, ದಿಕ್ಸೂಚಿಯೂ ಇದ್ದಿತು. ಎದುರಿಗೆ ಕಾಣುತ್ತಿದ್ದ ಆಲದ ಮರಕ್ಕೆ ಬದುವಿನ ಹಾದಿ ಸುತ್ತು. ನೇರವಾಗಿ ಹೋದರೆ ಸಮೀಪ. ಮುಳ್ಳಿನ ಮೇಲೆ ಕಣ್ಣಿಟ್ಟು ಇಪ್ಪತ್ತು ಮಾರು ನಡೆಯುವಷ್ಟರಲ್ಲಿ, ಹುಲ್ಲು ಮುಚ್ಚಿದ್ದ ಬಸಿಗಾಲುವೆಗೆ ಕಾಲು ಇಳಿದು, ಮುಗ್ಗರಿಸಿ ಬಿದ್ದು, ಪಾದ ಉಳುಕಿತು. ನೆರೆಯ ಹೊಲದಿಂದ ಓಡಿಬಂದ ವೃದ್ಧ ರೈತರೊಬ್ಬರು ಕೈಹಿಡಿದು ಎತ್ತಿ, “ಕೈಲಿರೋದನ್ನೇ ನೋಡ್ಕಂಡು ನಡೆದ್ರೆ ಕಾಲಡಿ ಇರೋದು ಕಾಣ್ತದಾ ಸ್ವಾಮಿ? ಬದ ಹಿಡ್ಕಂಡು ಬರಬಾರ್ದಾಗಿತ್ತಾ?” ಎಂದರು. ಉತ್ತರ ಕೊಡುವ ಮುಖ ಈ ಲೇಖಕನಿಗಿರಲಿಲ್ಲ.

ಇದೇ ಸೀಮೆಯಲ್ಲಿ, ಇದಕ್ಕಿಂತ ಬಹು ದೊಡ್ಡ ಎಡವಾಟವೊಂದನ್ನು ಚರಿತ್ರೆಯು ಕಂಡಿರುತ್ತದೆ. 1799ರ ಏಪ್ರಿಲ್ ತಿಂಗಳಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಲು ಬಂದ ಇಂಗ್ಲಿಷರ ಸೈನ್ಯಕ್ಕೆ ಸುಲ್ತಾನ್‌ಪೇಟೆಯ ತೋಪು ಅಡ್ಡವಾಗಿತ್ತು. ಅದನ್ನು ರಾತ್ರಿಯಲ್ಲಿ ಶೋಧಿಸಿ ಹಿಂದಿರುಗುತ್ತಿದ್ದ ಜನರಲ್ ಬೇರ್ಡನ ತುಕಡಿಯು ದಿಕ್ಕು ತಪ್ಪಿ ಟಿಪ್ಪು ಸುಲ್ತಾನನ ಸೈನ್ಯದ ಕಡೆಗೇ ನಡೆಯತೊಡಗಿತು. ನಕ್ಷತ್ರಗಳನ್ನು ನೋಡಿ ಆ ತಪ್ಪನ್ನು ಕಂಡುಹಿಡಿದವನು ವಿಲಿಯಂ ಲ್ಯಾಂಬ್ಟನ್. ಏಪ್ರಿಲ್ 5ರ ರಾತ್ರಿ ಅದೇ ತೋಪಿಗೆ ನುಗ್ಗಿದ ಆರ್ಥರ್ ವೆಲ್ಲೆಸ್ಲಿಯು ಕತ್ತಲಲ್ಲಿ ನೀರ್ಗಾಲುವೆಗಳ ನಡುವೆ ಸಿಕ್ಕಿ, ಮೊಣಕಾಲಿಗೆ ಪೆಟ್ಟುತಿಂದು, ತನ್ನವರನ್ನು ಕಳೆದುಕೊಂಡು ಹಿಂದೆಗೆದನು. ಮರುದಿನ ಹಗಲಿನಲ್ಲಿ ಹೋದಾಗ ಅದೇ ತೋಪು ವಶವಾಯಿತು. ಹಗಲಲ್ಲಿ ನೋಡಿಕೊಳ್ಳದ ನೆಲಕ್ಕೆ ಇರುಳಲ್ಲಿ ನುಗ್ಗಕೂಡದೆಂಬ ಪಾಠವನ್ನು ಆತನು ಬರೆದಿಟ್ಟನು. ಮುಂದೆ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನಿಗೂ ಇಲ್ಲಿನ ಕಾಲುವೆಗಳು ದಾಕ್ಷಿಣ್ಯ ತೋರಲಿಲ್ಲ!

ಗೆದ್ದವರು ಮಾಡಿದ ಮೊದಲ ಕೆಲಸವೇನು? ನೆಲವನ್ನು ಅಳೆದುದು. ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಸರ್ವೆಯನ್ನು ಕೈಗೊಂಡನು. ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು, 1802ರಲ್ಲಿ ಮದರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೆಯನ್ನು ಆರಂಭಿಸಿದನು. ಅಳೆದವರು ಆಳಿದರು. ಸರಪಳಿ ಎಳೆದವರೂ ಹೊರೆ ಹೊತ್ತವರೂ ನಮ್ಮವರೇ. ಆದರೂ ನಕ್ಷೆ ಮಾತ್ರ ನಮ್ಮ ಕೈಗೆ ಬಹುಕಾಲ ಬರಲಿಲ್ಲ. ಸ್ವಾತಂತ್ರ್ಯ ಬಂದು ದಶಕಗಳು ಕಳೆದ ಮೇಲೆ, 2005ರ ನಕ್ಷಾನೀತಿಯಿಂದ ಬೀಗ ಸಡಿಲವಾಯಿತು; 2017ರಿಂದ ಸರ್ವೆ ಇಲಾಖೆಯ ನಕ್ಷೆಗಳು ಪ್ರಜೆಗಳಿಗೆ ಉಚಿತವಾಗಿ ದೊರೆಯತೊಡಗಿದುವು; 2021ರಲ್ಲಿ ನಿಯಮಗಳು ಇನ್ನೂ ಉದಾರವಾದುವು. ಬಾಗಿಲು ತೆರೆದಿದೆ, ಒಳಗೆ ಹೋಗಬೇಕಾದವರು ನಾವು.

“ಮೊಬೈಲಿನಲ್ಲಿ ಎಲ್ಲವೂ ಕಾಣುವಾಗ ನಕ್ಷೆಯ ಓದೇಕೆ?” ಎಂದು ಕೇಳುವವರುಂಟು. ಮೊಬೈಲು ರಸ್ತೆಯನ್ನು ತೋರಿಸೀತು. ಹುಲ್ಲಿನಡಿಯ ಕಾಲುವೆಯನ್ನು ತೋರಿಸದು. ಕುಂತಿಬೆಟ್ಟದ ಬಂಡೆಗಳ ನಡುವೆ ಬ್ಯಾಟರಿ ಮುಗಿದರೆ ಅದು ಹಾದಿಯನ್ನೂ ತೋರಿಸದು. ಇತ್ತ ದಿಕ್ಸೂಚಿಯು ದಿಕ್ಕನ್ನು ಹೇಳುವುದೇ ಹೊರತು ನೆಲವನ್ನು ಹೇಳದು. ನೆಲವನ್ನು ಬಲ್ಲವರು ಅದರ ಮೇಲೆ ಬೆವರು ಸುರಿಸಿದವರು. ಕಾಗದದ ವಿದ್ಯೆ, ಕಾಲಿನ ವಿದ್ಯೆ ಇವೆರಡೂ ಕೂಡಿದಲ್ಲಿ ಮಾತ್ರ ನಡೆಯುವವನು ಬೀಳದೆ ಊರು ಸೇರುವನು. ಈ ಕೂಡುವಿಕೆಯು ಶಾಲೆಯಲ್ಲಿಯೇ ಆಗಬೇಕೆಂಬುದು ನಮ್ಮ ಅಭಿಪ್ರಾಯ. ಎನ್.ಸಿ.ಸಿ. ಸೇರಿದವರಿಗೆ ನಕ್ಷೆಯ ಓದನ್ನು ಕಲಿಸುವರು. ಉಳಿದ ಮಕ್ಕಳು ಮಾಡಿದ ಪಾಪವೇನು? ಪ್ರತಿಯೊಂದು ಪ್ರೌಢಶಾಲೆಗೂ ಅದರ ಸುತ್ತಲಿನ ಗ್ರಾಮಗಳ ನಕ್ಷೆಯು, ಊರು ಕೆರೆ ನಾಲೆಗಳ ಹೆಸರುಗಳನ್ನು ಕನ್ನಡದಲ್ಲಿಯೇ ಹೊತ್ತು, ದೊರೆಯಲಿ. ವರ್ಷಕ್ಕೆ ನಾಲ್ಕು ದಿನವಾದರೂ ಮಕ್ಕಳು ಅದನ್ನು ಹಿಡಿದು, ಊರಿನ ಹಿರಿಯ ರೈತರೊಬ್ಬರನ್ನು ಗುರುವಾಗಿಟ್ಟುಕೊಂಡು, ಬಯಲಿನಲ್ಲಿ ನಡೆಯಲಿ. ಇದಕ್ಕೆ ದೊಡ್ಡ ಹಣ ಬೇಡ, ಮನಸ್ಸು ಬೇಕು.

ಅಲ್ಲಿಯವರೆಗೆ, ದಾರಿ ಬಿಟ್ಟು ಹೋಗುವ ತರುಣರಲ್ಲಿ ಒಂದೆರಡು ಮಾತು. ಒಬ್ಬರೇ ಹೋಗಬೇಡಿರಿ. ಎಲ್ಲಿಗೆ ಹೋಗುವಿರಿ, ಎಷ್ಟು ಹೊತ್ತಿಗೆ ಬರುವಿರಿ ಎಂಬುದನ್ನು ಮನೆಯಲ್ಲಿ ತಿಳಿಸಿರಿ. ದಿಕ್ಸೂಚಿಯನ್ನು ನಿಂತು ನೋಡಿರಿ; ನಡೆಯುವಾಗ ನೆಲವನ್ನು ನೋಡಿರಿ. ಬಿದ್ದರೆ ನಾಚಿಕೆಯಿಂದ ಥಟ್ಟನೆ ಏಳಬೇಡಿರಿ. ಪೆಟ್ಟು ಎಲ್ಲಿ ಎಂಬುದನ್ನು ಅರಿತು, ಸಹಾಯ ಬೇಕಾದರೆ 112ಕ್ಕೆ ಕರೆಮಾಡಿರಿ. ಎಲ್ಲಕ್ಕೂ ಮೊದಲು, ಹೊಲದಲ್ಲಿರುವವರನ್ನು ಒಂದು ಮಾತು ಕೇಳಿರಿ. ಬೀಳುವುದು ಅವಮಾನವಲ್ಲ, ತನ್ನ ನಾಡಿನ ನೆಲವನ್ನು ತಾನರಿಯದಿರುವುದೇ ಅವಮಾನ.