ಸ್ವಸ್ಥಶರೀರದಲ್ಲಿ ಔಷಧಪರೀಕ್ಷೆಯೂ ಪ್ರಮಾಣವಿಚಾರವೂ

ಹೋಮಿಯೋಪತಿಯ ಪಕ್ಷಪಾತಿಗಳು ತಮ್ಮ ಶಾಸ್ತ್ರದ ಹಿರಿಮೆಯನ್ನು ಹೇಳುವಾಗ ಒಂದು ಮಾತನ್ನು ತಪ್ಪದೆ ಎತ್ತುವುದುಂಟು. ಇತರ ವೈದ್ಯರು ಔಷಧವನ್ನು ಇಲಿ ಮೊಲಗಳ ಮೇಲೆ ಪ್ರಯೋಗಿಸುತ್ತಾರೆ. ತಮ್ಮ ಶಾಸ್ತ್ರವಾದರೋ ಆರೋಗ್ಯವಂತನಾದ ಮನುಷ್ಯನ ದೇಹದಲ್ಲಿಯೇ, ಅವನ ಒಪ್ಪಿಗೆಯಿಂದಲೇ ಔಷಧವನ್ನು ಪರೀಕ್ಷಿಸಿ, ಅದರ ಗುಣವನ್ನು ಅವನ ಬಾಯಿಂದಲೇ ಕೇಳಿ ಬರೆದುಕೊಂಡಿದೆ. ಆದುದರಿಂದ ಇದು ಪ್ರತ್ಯಕ್ಷಪ್ರಮಾಣದ ಮೇಲೆ ನಿಂತ ಶಾಸ್ತ್ರ ಎಂಬುದೇ ಆ ಮಾತು. ಇಂಗ್ಲಿಷಿನಲ್ಲಿ ಪ್ರೂವಿಂಗ್ ಎಂದು ಕರೆಯುವುದು ಈ ಪರೀಕ್ಷೆಯನ್ನೇ.

ಇದು ಬರಿಯ ವಾಗ್ವಾದದ ವಿಷಯವಲ್ಲ. ಎಷ್ಟೋ ಮನೆಗಳಲ್ಲಿ ಬಿಳಿಯ ಸಕ್ಕರೆಗುಳಿಗೆಗಳ ಪೆಟ್ಟಿಗೆಯೊಂದು, ಅದರ ಪಕ್ಕದಲ್ಲಿ ಒಂದು ಕೈಪಿಡಿ ಇರುತ್ತದೆ. ನಡುರಾತ್ರಿಯಲ್ಲಿ ಮಗುವಿಗೆ ಜ್ವರವೇರಿದಾಗ ತಂದೆಯು ಆ ಪುಸ್ತಕವನ್ನು ತೆರೆದು, ಮಗುವಿನ ಲಕ್ಷಣಕ್ಕೆ ಹೊಂದುವ ಲಕ್ಷಣವನ್ನು ದೀಪದ ಬೆಳಕಿನಲ್ಲಿ ಹುಡುಕುತ್ತಾನೆ. ಅಲ್ಲಿ ಬರೆದಿರುವ ಲಕ್ಷಣಗಳಲ್ಲಿ ಬಹುಪಾಲು ಇಂತಹ ಪರೀಕ್ಷೆಗಳಿಂದ ಬಂದವು. ಅವು ಸತ್ಯವಾಗಿದ್ದರೆ ಮಗುವಿಗೆ ಲಾಭ. ಅಸತ್ಯವಾಗಿದ್ದರೆ ವೈದ್ಯನ ಬಳಿಗೆ ಓಡಬೇಕಾಗಿದ್ದ ಹೊತ್ತು ಕಳೆದುಹೋಗುತ್ತದೆ. ಆದುದರಿಂದ ಈ ಪರೀಕ್ಷೆಯನ್ನೇ ಒಮ್ಮೆ ಪರೀಕ್ಷಿಸುವುದು ಯುಕ್ತವಾಗಿದೆ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳತಕ್ಕದ್ದು. ಸಾಮುಯೆಲ್ ಹಾನೆಮನ್ನನು 1755ರಲ್ಲಿ ಜರ್ಮನಿಯ ಮೈಸೆನ್ ಪಟ್ಟಣದಲ್ಲಿ ಹುಟ್ಟಿದನು. ಅವನ ಕಾಲದ ವೈದ್ಯರು ರೋಗಿಯ ರಕ್ತವನ್ನು ಬಟ್ಟಲುಗಟ್ಟಲೆ ಹರಿಸಿ, ಪಾದರಸವನ್ನು ತಿನ್ನಿಸಿ, ರೋಗಕ್ಕಿಂತ ಮೊದಲೇ ರೋಗಿಯನ್ನು ಮುಗಿಸುತ್ತಿದ್ದರು. ಆ ಕ್ರೌರ್ಯಕ್ಕೆ ಬೇಸತ್ತು ಅವನು ಗ್ರಂಥಗಳ ಭಾಷಾಂತರದಿಂದ ಜೀವನ ಸಾಗಿಸುತ್ತಿದ್ದನು. 1790ರಲ್ಲಿ ಎಡಿನ್‌ಬರೋ ನಗರದ ಕಲನ್ ಎಂಬ ಪಂಡಿತನ ದ್ರವ್ಯಗುಣ ಗ್ರಂಥವನ್ನು ಭಾಷಾಂತರಿಸುವಾಗ, ಸಿಂಕೋನ ಮರದ ತೊಗಟೆಯು ಚಳಿಜ್ವರವನ್ನು ಏಕೆ ನಿಲ್ಲಿಸುತ್ತದೆಂಬ ವಿವರಣೆ ಅವನಿಗೆ ಒಪ್ಪಿಗೆಯಾಗಲಿಲ್ಲ. ಆ ತೊಗಟೆಯನ್ನು ದಿನಕ್ಕೆ ಎರಡಾವರ್ತಿ ನಾಲ್ಕು ಡ್ರಾಮಿನಂತೆ ಕೆಲವು ದಿನ ತಾನೇ ಸೇವಿಸಿದನು. ಬೆರಳ ತುದಿಗಳು ತಣ್ಣಗಾದುವು, ಎದೆ ಹೊಡೆದುಕೊಂಡಿತು, ಬಾಯಾರಿಕೆಯಾಯಿತು. ಚಳಿಜ್ವರವನ್ನು ಗುಣಪಡಿಸುವ ವಸ್ತುವೇ ಸ್ವಸ್ಥನಲ್ಲಿ ಚಳಿಜ್ವರದ ಲಕ್ಷಣವನ್ನು ಹುಟ್ಟಿಸುತ್ತದೆಂದು ಅವನು ಊಹಿಸಿದನು. ಸಮಾನವೇ ಸಮಾನವನ್ನು ಶಮನಗೊಳಿಸುವುದೆಂಬ ಸೂತ್ರವನ್ನು 1796ರಲ್ಲಿ ಒಂದು ಪ್ರಬಂಧದಲ್ಲಿಯೂ, 1810ರಲ್ಲಿ 'ಆರ್ಗನಾನ್' ಎಂಬ ಗ್ರಂಥದಲ್ಲಿಯೂ ಪ್ರತಿಪಾದಿಸಿದನು. ತರುವಾಯ ತನ್ನ ಮೇಲೆಯೂ ಶಿಷ್ಯರ ಮೇಲೆಯೂ ಹಲವು ಔಷಧಗಳನ್ನು ಪರೀಕ್ಷಿಸಿ, ಆರು ಸಂಪುಟಗಳ 'ಮೆಟೀರಿಯಾ ಮೆಡಿಕಾ ಪ್ಯೂರ'ವನ್ನು 1811ರಿಂದ 1821ರ ವರೆಗೆ ಪ್ರಕಟಿಸಿದನು.

ಇದರಲ್ಲಿ ಮೆಚ್ಚತಕ್ಕದ್ದು ಬೇಕಾದಷ್ಟಿದೆ. ವಿಯೆನ್ನಾದ ಸ್ಟೋರ್ಕನು ಅವನಿಗಿಂತ ಮುಂಚೆ ವಿಷಮೂಲಿಕೆಯನ್ನು ತನ್ನ ಮೇಲೆ ಪರೀಕ್ಷಿಸಿಕೊಂಡಿದ್ದನು. ಹಾಲರನೆಂಬ ಪಂಡಿತನೂ ಈ ಮಾರ್ಗವನ್ನು ಸೂಚಿಸಿದ್ದನೆಂದು ಹಾನೆಮನ್ನನೇ ಸ್ಮರಿಸಿದ್ದಾನೆ. ಆದರೂ ಅದನ್ನು ಕ್ರಮಬದ್ಧವಾದ ವಿಧಿಯನ್ನಾಗಿ ಮಾಡಿದ ಕೀರ್ತಿ ಅವನದೇ. ಪರೀಕ್ಷೆಗೆ ಒಳಗಾಗುವವನು ಸತ್ಯವಂತನಾಗಿರಬೇಕು, ಸೂಕ್ಷ್ಮವಾಗಿ ಗಮನಿಸಬಲ್ಲವನಾಗಿರಬೇಕು, ಮಿತಾಹಾರಿಯಾಗಿರಬೇಕು, ದೇಹಕ್ಕೂ ಮನಸ್ಸಿಗೂ ಅತಿಶ್ರಮವನ್ನು ಕೊಡಬಾರದು ಎಂದು ಅವನು ನಿಯಮಿಸಿದನು. ವೈದ್ಯನು ತನ್ನ ಮೇಲೆ ತಾನೇ ಮಾಡಿಕೊಂಡ ಪರೀಕ್ಷೆಯೇ ಶ್ರೇಷ್ಠವೆಂದನು. ಪರರಿಗೆ ಕೊಡುವ ಮದ್ದನ್ನು ಮೊದಲು ತಾನು ಕುಡಿಯುವವನ ಪ್ರಾಮಾಣಿಕತೆಯನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಪ್ರಾಮಾಣಿಕತೆ ಬೇರೆ, ಪ್ರಾಮಾಣ್ಯ ಬೇರೆ. ಸತ್ಯವಂತನೂ ಭ್ರಮಿಸಬಹುದು, ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಕೂಗಿದವನು ಸುಳ್ಳುಗಾರನಲ್ಲ.

ಕಾರ್ಯಕಾರಣಭಾವವನ್ನು ನಿರ್ಣಯಿಸಲು ನೈಯಾಯಿಕರು ಅನ್ವಯ, ವ್ಯತಿರೇಕ ಎಂಬ ಎರಡನ್ನೂ ಕೇಳುತ್ತಾರೆ. ಕಾರಣವಿದ್ದರೆ ಕಾರ್ಯವಿರುವುದು ಅನ್ವಯ; ಕಾರಣವಿಲ್ಲದಿದ್ದರೆ ಕಾರ್ಯವಿಲ್ಲದಿರುವುದು ವ್ಯತಿರೇಕ. ಅವರು ಕೊಡುವ ಕುಂಬಾರನ ಕತ್ತೆಯ ದೃಷ್ಟಾಂತ ಪಾಠಶಾಲೆಯ ಹುಡುಗರಿಗೂ ಗೊತ್ತು. ಗಡಿಗೆ ಹುಟ್ಟುವುದಕ್ಕೆ ಮುಂಚೆ ಚಕ್ರವೂ ಇತ್ತು, ಕೋಲೂ ಇತ್ತು, ಮಣ್ಣು ಹೊತ್ತುತಂದ ಕತ್ತೆಯೂ ಇತ್ತು. ಆದರೂ ಕತ್ತೆಯನ್ನು ಗಡಿಗೆಯ ಕಾರಣವೆಂದು ಯಾರೂ ಹೇಳುವುದಿಲ್ಲ. ಏಕೆಂದರೆ ಕತ್ತೆಯಿಲ್ಲದೆಯೂ ಗಡಿಗೆ ಆಗುತ್ತದೆ. ಗುಳಿಗೆ ನುಂಗಿದ ಮೇಲೆ ತಲೆ ಭಾರವಾಯಿತೆಂದು ಬರೆದರೆ ದೊರೆತದ್ದು ಅನ್ವಯ ಮಾತ್ರ. ನುಂಗದೆಯೂ ತಲೆ ಭಾರವಾಗುತ್ತಿತ್ತೇ ಎಂಬುದನ್ನು ನೋಡದಿದ್ದರೆ, ಆ ಗುಳಿಗೆ ಚಕ್ರವೋ ಕತ್ತೆಯೋ ತಿಳಿಯುವುದು ಹೇಗೆ?

ದೇಹದ ಸ್ವಭಾವವನ್ನು ಬಲ್ಲವರಿಗೆ ಈ ಸಂದೇಹದ ಬಲ ಗೊತ್ತಾಗುತ್ತದೆ. ಏಕಾದಶಿಯ ದಿನ ಕೆಲಸದಲ್ಲಿ ತೊಡಗಿದವನಿಗೆ ಉಪವಾಸವೇ ಮರೆತುಹೋಗುತ್ತದೆ. ಹೊಟ್ಟೆಯ ಕಡೆಗೇ ಮನಸ್ಸಿಟ್ಟು ಕುಳಿತವನಿಗೆ ಸೂರ್ಯ ನೆತ್ತಿಗೇರುವುದರೊಳಗೆ ಹತ್ತು ಬಗೆಯ ಸಂಕಟಗಳು ಕಾಣಿಸಿಕೊಳ್ಳುತ್ತವೆ. ಒಬ್ಬ ವಿದ್ಯಾರ್ಥಿಯನ್ನು ಕರೆದು, ಔಷಧವನ್ನು ಕೊಟ್ಟು, ಮೈಯಲ್ಲಿಯೂ ಮನಸ್ಸಿನಲ್ಲಿಯೂ ಆಗುವ ಪ್ರತಿಯೊಂದು ವ್ಯತ್ಯಾಸವನ್ನೂ ಬರೆಯೆಂದು ಗುರುವು ಅಪ್ಪಣೆ ಮಾಡಿದರೆ, ಅವನು ಆಕಳಿಕೆಯನ್ನು ಬರೆಯುತ್ತಾನೆ, ತುರಿಕೆಯನ್ನು ಬರೆಯುತ್ತಾನೆ, ಬೆಳಗಿನ ಜಾವದ ಕನಸನ್ನೂ ಬರೆಯುತ್ತಾನೆ. ಅವನು ಬರೆದುದೆಲ್ಲ ನಿಜವೇ. ಅದನ್ನೆಲ್ಲ ಔಷಧವೇ ಮಾಡಿತೆಂಬುದು ಮಾತ್ರ ಸಿದ್ಧವಾಗಿಲ್ಲ.

ಈ ಆಕ್ಷೇಪ ಹೊಸದಲ್ಲ. ಹಾನೆಮನ್ನನು ಬದುಕಿದ್ದಾಗಲೇ ಅವನ ದೇಶದಲ್ಲಿಯೇ ಇದರ ಪರೀಕ್ಷೆ ನಡೆಯಿತು. ನ್ಯೂರಂಬರ್ಗ್ ನಗರದಲ್ಲಿ ಫಾನ್ ಹೋಫನ್ ಎಂಬ ವೈದ್ಯಾಧಿಕಾರಿಯು ಹೋಮಿಯೋಪತಿಯನ್ನು ಖಂಡಿಸಿ ಬರೆದನು. ರಾಯ್ಟರ್ ಎಂಬ ಹೋಮಿಯೋಪತಿ ವೈದ್ಯನು ಅದಕ್ಕೆ ಪ್ರತ್ಯುತ್ತರವಾಗಿ, ಸಾಮಾನ್ಯವಾದ ಉಪ್ಪನ್ನೇ 30ನೆಯ ಪೊಟೆನ್ಸಿಯಲ್ಲಿ ಸೇವಿಸಿ ನೋಡಿರೆಂದು ಸವಾಲು ಹಾಕಿದನು. 1835ರಲ್ಲಿ 'ಕೆಂಪು ಹುಂಜ' ಎಂಬ ಹೆಸರಿನ ಛತ್ರದಲ್ಲಿ ನಾಗರಿಕರು ಸಭೆ ಸೇರಿ ಆ ಸವಾಲನ್ನು ಸ್ವೀಕರಿಸಿದರು. ನೂರು ಸೀಸೆಗಳಿಗೆ ಸಂಖ್ಯೆ ಬರೆದು, ಅವನ್ನು ಚೆನ್ನಾಗಿ ಕಲಸಿ, ಅರ್ಧಕ್ಕೆ ಭಟ್ಟಿಯಿಳಿಸಿದ ಹಿಮಜಲವನ್ನೂ ಉಳಿದರ್ಧಕ್ಕೆ ಉಪ್ಪಿನ 30ನೆಯ ಪೊಟೆನ್ಸಿಯನ್ನೂ ತುಂಬಿದರು. ಯಾವ ಸಂಖ್ಯೆಯಲ್ಲಿ ಏನಿದೆಯೆಂಬ ಪಟ್ಟಿಗೆ ಮುದ್ರೆ ಒತ್ತಿ ಇಟ್ಟರು. ಕುಡಿಯುವವನಿಗೂ ತಿಳಿಯದು, ಹಂಚುವವನಿಗೂ ತಿಳಿಯದು. ಕೆಲವು ವಾರಗಳ ಮೇಲೆ 50 ಜನರ ವರದಿ ದೊರೆಯಿತು. 42 ಜನರಿಗೆ ಏನೂ ಆಗಿರಲಿಲ್ಲ. ಏನೋ ಆಯಿತೆಂದವರು 8 ಜನ. ಅವರಲ್ಲಿ ಔಷಧವನ್ನು ಕುಡಿದವರು 5, ಬರಿಯ ನೀರನ್ನು ಕುಡಿದವರು 3.

ಐದು ಮೂರಕ್ಕಿಂತ ಹೆಚ್ಚಲ್ಲವೇ ಎಂದು ಪ್ರತಿವಾದಿಗಳು ಕೇಳಬಹುದು. ನಾಣ್ಯವನ್ನು ಎಂಟು ಸಲ ಚಿಮ್ಮಿ ನೋಡಲಿ. ನಾಲ್ಕು ನಾಲ್ಕಾಗಿ ಸಮನಾಗಿ ಬೀಳುವುದೇ ಅಪರೂಪ, ಹೆಚ್ಚುಕಡಮೆಯಾಗಿ ಬೀಳುವುದೇ ಸಾಮಾನ್ಯ. ಅದಕ್ಕೊಂದು ಔಷಧದ ಶಕ್ತಿ ಬೇಕಾಗಿಲ್ಲ. ನೀರನ್ನು ಕುಡಿದ ಆ ಮೂವರೂ ಲಕ್ಷಣಗಳನ್ನು ಕಂಡರಷ್ಟೆ. ಹಾನೆಮನ್ನನ ಶಿಷ್ಯರ ನಡುವೆ ಅವರಿದ್ದಿದ್ದರೆ ಅವರ ಲಕ್ಷಣಗಳೂ ಉಪ್ಪಿನ ಗುಣಗಳೆಂದು ಗ್ರಂಥದಲ್ಲಿ ಸೇರಿ ಇಂದಿಗೂ ಉಳಿಯುತ್ತಿದ್ದುವು.

ಇಲ್ಲಿ 30ನೆಯ ಪೊಟೆನ್ಸಿ ಎಂದರೇನೆಂಬುದನ್ನು ವಾಚಕರು ಗಮನಿಸಬೇಕು. ಒಂದು ತೊಟ್ಟು ದ್ರವ್ಯವನ್ನು 99 ತೊಟ್ಟು ನೀರು ಅಥವಾ ಮದ್ಯಸಾರದಲ್ಲಿ ಬೆರಸುವುದು. ಅದರಲ್ಲಿ ಒಂದು ತೊಟ್ಟನ್ನು ತೆಗೆದು ಮತ್ತೆ 99ರಲ್ಲಿ ಬೆರಸುವುದು. ಹೀಗೆ 30 ಸಲ. ಕೊನೆಗೆ ಆಗುವ ಪ್ರಮಾಣ ಒಂದರ ಮುಂದೆ 60 ಸೊನ್ನೆಗಳಲ್ಲಿ ಒಂದು ಪಾಲು. 12ನೆಯ ಸಲವನ್ನು ದಾಟಿದ ಮೇಲೆ ಮೂಲದ್ರವ್ಯದ ಒಂದು ಅಣುವಾದರೂ ಉಳಿದಿರುವ ಸಂಭವ ತೀರ ಕಡಮೆ. ಹಾನೆಮನ್ನನು ಮೊದಲಲ್ಲಿ ಸಿಂಕೋನವನ್ನು ನುಂಗಿದ್ದು ನಿಜವಾದ ಪ್ರಮಾಣದಲ್ಲಿ. ಪಾಷಾಣವನ್ನೂ ವತ್ಸನಾಭದ ಜಾತಿಯ ವಿಷಗಳನ್ನೂ ಸ್ವಲ್ಪವಾದರೂ ನಿಜವಾಗಿ ಸೇವಿಸಿದವರಲ್ಲಿ ಕಂಡುಬಂದ ಲಕ್ಷಣಗಳಲ್ಲಿ ವಿಷಲಕ್ಷಣಗಳು ಇದ್ದೇ ಇವೆ. ಅಷ್ಟು ಭಾಗವನ್ನು ಅಗದತಂತ್ರವೆಂದು ಗೌರವಿಸಬಹುದು. ಆದರೆ 1833ರ 'ಆರ್ಗನಾನ್' ಆವೃತ್ತಿಯಲ್ಲಿ ಅವನು ಪರೀಕ್ಷೆಯನ್ನೂ 30ನೆಯ ಪೊಟೆನ್ಸಿಯಲ್ಲಿಯೇ ಮಾಡುವುದು ಉತ್ತಮವೆಂದು ವಿಧಿಸಿದನು. ಅಲ್ಲಿಗೆ ದ್ರವ್ಯವು ಹೊರಟುಹೋಯಿತು. ಪರೀಕ್ಷೆ ಮಾತ್ರ ಉಳಿಯಿತು.

ನ್ಯೂರಂಬರ್ಗಿನ ಪರೀಕ್ಷೆ ಹಳೆಯದು, ಚಿಕ್ಕದು ಎನ್ನುವವರಿಗೆ ಹೊಸದೂ ಇದೆ. ಬೆಲ್ಲಡೊನ್ನದ 30ನೆಯ ಪೊಟೆನ್ಸಿಯನ್ನು ಇಂಗ್ಲೆಂಡಿನಲ್ಲಿ 206 ಸ್ವಸ್ಥರ ಮೇಲೆ ಇದೇ ರೀತಿ ಗುಟ್ಟಾಗಿ ಪರೀಕ್ಷಿಸಿದ ವರದಿ 2003ರಲ್ಲಿ ಪ್ರಕಟವಾಯಿತು. ಔಷಧ ತಿಂದವರಿಗೂ ಬರಿಯ ಗುಳಿಗೆ ತಿಂದವರಿಗೂ ಭೇದ ಕಾಣಲಿಲ್ಲ. ಬ್ರೆಜಿಲ್ ದೇಶದ ದಾಂತಸ್ ಎಂಬ ವೈದ್ಯರೂ ಅವರ ಸಂಗಡಿಗರೂ 1945ರಿಂದ 1995ರ ವರೆಗಿನ 156 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2007ರಲ್ಲಿ ವಿಮರ್ಶೆಯನ್ನು ಪ್ರಕಟಿಸಿದರು. 2,815 ಸ್ವಯಂಸೇವಕರಿಂದ 20,538 ಲಕ್ಷಣಗಳು ಅಲ್ಲಿ ದಾಖಲಾಗಿದ್ದುವು. ಪರೀಕ್ಷೆಗಳ ಗುಣಮಟ್ಟ ಬಹುಮಟ್ಟಿಗೆ ಕೀಳೆಂದು ಅವರು ನಿರ್ಣಯಿಸಿದರು. ಇದು ಪ್ರಕಟವಾದದ್ದು ವಿರೋಧಿಗಳ ಪತ್ರಿಕೆಯಲ್ಲಲ್ಲ, 'ಹೋಮಿಯೋಪತಿ' ಎಂಬ ಹೆಸರಿನ ಪತ್ರಿಕೆಯಲ್ಲಿಯೇ.

ಇನ್ನು ಮೂಲಕ್ಕೆ ಬರೋಣ. ಎಲ್ಲ ಪರೀಕ್ಷೆಗಳ ಗಂಗೋತ್ರಿಯೆನಿಸಿದ ಸಿಂಕೋನದ ಪರೀಕ್ಷೆಯಲ್ಲಿ ಚಳಿಜ್ವರದ ನಿಜವಾದ ನಡುಕ ಮಾತ್ರ ಬರಲಿಲ್ಲವೆಂದು ಹಾನೆಮನ್ನನೇ ಬರೆದಿಟ್ಟಿದ್ದಾನೆ. ಮುಂದೆ 1820ರಲ್ಲಿ ಪೆಲ್ತಿಯೆ, ಕಾವಂತು ಎಂಬ ಫ್ರೆಂಚರು ಆ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. 1880ರಲ್ಲಿ ಲಾವೆರಾನನು ರೋಗಿಯ ರಕ್ತದಲ್ಲಿ ಮಲೇರಿಯದ ಜೀವಾಣುವನ್ನು ಕಂಡನು. 1897ರಲ್ಲಿ ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಅದನ್ನು ಕಂಡನು. ಕ್ವಿನೈನ್ ಗುಣಕೊಡುವುದು ಜ್ವರದ ಸಾದೃಶ್ಯದಿಂದಲ್ಲ. ರಕ್ತದಲ್ಲಿ ಸೇರಿದ ಆ ಜೀವಾಣುವನ್ನು ಕೊಲ್ಲುವುದರಿಂದ. ಮಲೆನಾಡಿನಲ್ಲಿ ಚಳಿಜ್ವರದಿಂದ ಬದುಕಿ ಉಳಿದವರು ಉಳಿದದ್ದು ಕಹಿಯಾದ ನಿಜವಾದ ಕ್ವಿನೈನಿನಿಂದ. ಸ್ವಸ್ಥನ ರಕ್ತದಲ್ಲಿ ಜೀವಾಣುವೇ ಇಲ್ಲ. ಕಳ್ಳನಿಲ್ಲದ ಮನೆಯಲ್ಲಿ ಕಾವಲುಗಾರನ ಶೌರ್ಯವನ್ನು ಅಳೆಯುವುದು ಹೇಗೆ? ಆದುದರಿಂದ ಸ್ವಸ್ಥಶರೀರದ ಪರೀಕ್ಷೆಯಿಂದ ಔಷಧದ ಬಾಧೆ ತಿಳಿಯಬಹುದೇ ಹೊರತು, ಅದರ ರೋಗನಿವಾರಕ ಶಕ್ತಿ ತಿಳಿಯುವುದಿಲ್ಲ. ವಿವಾದದ ಜೀವಾಳ ಇದೇ.

ಇಂದಿನ ವೈದ್ಯವಿಜ್ಞಾನವೂ ಸ್ವಸ್ಥರ ಮೇಲೆ ಔಷಧವನ್ನು ಪರೀಕ್ಷಿಸುತ್ತದೆ, ಹಾನೆಮನ್ನನನ್ನೇ ಅನುಸರಿಸಿತಲ್ಲವೇ ಎಂದು ಕೆಲವರು ಹೆಮ್ಮೆಪಡುತ್ತಾರೆ. ಪರೀಕ್ಷಿಸುವುದು ನಿಜ; ಆದರೆ ಮುಖ್ಯವಾಗಿ ಮನುಷ್ಯದೇಹ ಎಷ್ಟು ಮಾತ್ರೆಯನ್ನು ಸಹಿಸಬಲ್ಲುದು ಎಂಬಂತಹ ಪ್ರಶ್ನೆಗಳಿಗಾಗಿ. ಗುಣವಾಗುವುದೇ ಎಂಬ ಪ್ರಶ್ನೆಯನ್ನು ಅನಂತರ ರೋಗಿಗಳಲ್ಲಿಯೇ ಕೇಳುತ್ತಾರೆ. 2006ರ ಮಾರ್ಚಿಯಲ್ಲಿ ಲಂಡನ್ನಿನಲ್ಲಿ ಒಂದು ಹೊಸ ಔಷಧವನ್ನು ಎಂಟು ಸ್ವಸ್ಥರಲ್ಲಿ ಪರೀಕ್ಷಿಸಿದರು. ಆರು ಜನರಿಗೆ ಔಷಧ, ಇಬ್ಬರಿಗೆ ಬರಿಯ ದ್ರವ. ಕೆಲವೇ ಗಂಟೆಗಳಲ್ಲಿ ಆ ಆರು ಜನರೂ ಪ್ರಾಣಾಪಾಯಕ್ಕೆ ಸಿಕ್ಕಿ, ಕೊನೆಗೆ ಹೇಗೋ ಬದುಕಿಕೊಂಡರು. ಇಬ್ಬರಿಗೆ ಏನೂ ಆಗಲಿಲ್ಲ. ಅದು ಘೋರವಾದ ಪ್ರಮಾದ, ನಿಂದ್ಯವಾದ ಆತುರ. ಆದರೂ ಅಲ್ಲಿ ಅನ್ವಯವೂ ಇದೆ, ವ್ಯತಿರೇಕವೂ ಇದೆ. ಔಷಧವು ಕಾರಣವೇ ಅಲ್ಲವೇ ಎಂದು ಯಾರೂ ವಾದಿಸಬೇಕಾಗಿಲ್ಲ.

ಮತ್ತೆ ಕೆಲವರು ಚರಕಸಂಹಿತೆಯನ್ನು ಸಾಕ್ಷಿಗೆ ಎಳೆಯುತ್ತಾರೆ. ಉಪಶಯದ ಪ್ರಕರಣದಲ್ಲಿ ವಿಪರೀತಾರ್ಥಕಾರಿ ಎಂಬ ಚಿಕಿತ್ಸೆಯಿದೆ. ವಿಷಕ್ಕೆ ವಿಷವೇ ಮದ್ದೆಂಬ ನಾಣ್ಣುಡಿಯೂ ಇದೆ. ಆದರೆ ಅಲ್ಲಿ ಹಲವು ಬಗೆಗಳಲ್ಲಿ ಒಂದಾಗಿರುವುದನ್ನು ಇಲ್ಲಿ ಏಕೈಕ ನಿಯಮವನ್ನಾಗಿ ಮಾಡುವುದು ಅತಿವ್ಯಾಪ್ತಿ. ಆಪ್ತೋಪದೇಶದ ಜೊತೆಗೆ ಪ್ರತ್ಯಕ್ಷ, ಅನುಮಾನ, ಯುಕ್ತಿಗಳನ್ನೂ ಪರೀಕ್ಷೆಗೆ ಹೇಳಿದವರು ಅದೇ ಚರಕರು. ಆಯುರ್ವೇದದ ಔಷಧಗಳೂ ಈ ತಕ್ಕಡಿಯಿಂದ ತಪ್ಪಿಸಿಕೊಳ್ಳಬಾರದು. ತಕ್ಕಡಿ ಎಲ್ಲರಿಗೂ ಒಂದೇ.

ದೊಡ್ಡವರ ಹೆಸರುಗಳನ್ನು ಮುಂದಿಡುವವರೂ ಉಂಟು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದ ಮುಲ್ಲರ್ ಪಾದ್ರಿಗಳ ಸೇವೆ ಕೈಮುಗಿಯತಕ್ಕದ್ದು. ಆದರೆ ಸೇವೆಯ ಪುಣ್ಯವು ಗುಳಿಗೆಯ ಗುಣಕ್ಕೆ ಪ್ರಮಾಣವಾಗದು. ಕಲಕತ್ತೆಯ ಮಹೇಂದ್ರಲಾಲ ಸರ್ಕಾರರು ಎಂ.ಡಿ. ಪದವೀಧರರಾಗಿದ್ದೂ 1867ರಲ್ಲಿ ಹೋಮಿಯೋಪತಿಯ ಪಕ್ಷವನ್ನು ಹಿಡಿದು ತಮ್ಮ ಸಹೋದ್ಯೋಗಿಗಳ ಬಹಿಷ್ಕಾರವನ್ನು ಸಹಿಸಿದರು. ಅದೇ ಮಹನೀಯರು 1876ರಲ್ಲಿ ವಿಜ್ಞಾನಸಂಶೋಧನೆಗಾಗಿ ಒಂದು ಸಂಸ್ಥೆಯನ್ನು ಕಟ್ಟಿದರು, 1928ರಲ್ಲಿ ಸಿ. ವಿ. ರಾಮನ್ನರು ತಮ್ಮ ಹೆಸರಿನ ಪರಿಣಾಮವನ್ನು ಕಂಡದ್ದು ಆ ಸಂಸ್ಥೆಯಲ್ಲಿಯೇ. ಸರ್ಕಾರರ ನಂಬಿಕೆಯನ್ನು ಉದ್ಧರಿಸುವವರು ಅವರ ಸಂಸ್ಥೆಯ ಮಾರ್ಗವನ್ನೂ ಅನುಸರಿಸಲಿ.

ಭಾರತದಲ್ಲಿ 1978ರಲ್ಲಿ ಸ್ಥಾಪಿತವಾದ ಕೇಂದ್ರೀಯ ಹೋಮಿಯೋಪತಿ ಸಂಶೋಧನಾ ಪರಿಷತ್ತು ಔಷಧಪರೀಕ್ಷೆಯಲ್ಲಿ ಬರಿಯ ಗುಳಿಗೆಯ ಗುಂಪನ್ನೂ ಇಟ್ಟುಕೊಳ್ಳುವ ಪದ್ಧತಿಯನ್ನು ಕೈಕೊಂಡಿದೆ. ಇದು ಸರಿಯಾದ ಹೆಜ್ಜೆ; ಆದರೆ ದಾರಿಯ ಅರ್ಧದಲ್ಲಿ ನಿಲ್ಲಬಾರದು. ಬರಿಯ ಗುಳಿಗೆಯಲ್ಲಿ ಕಂಡ ಲಕ್ಷಣಗಳನ್ನೂ ಔಷಧದಲ್ಲಿ ಕಂಡವುಗಳ ಪಕ್ಕದಲ್ಲಿಯೇ ಅಚ್ಚು ಹಾಕಬೇಕು. ವ್ಯತಿರೇಕವಿಲ್ಲದೆ ಸಂಗ್ರಹವಾದ ಹಳೆಯ ಲಕ್ಷಣಗಳನ್ನು ಮರುಪರೀಕ್ಷೆಯಾಗುವ ವರೆಗೆ ಕೈಪಿಡಿಗಳಿಂದ ತೆಗೆದಿಡಬೇಕು. ಗುರುವಿನ ಅಂಕಗಳಿಗೆ ಅಧೀನನಾದ ವಿದ್ಯಾರ್ಥಿಯನ್ನು ಸ್ವಯಂಸೇವಕನೆಂದು ಕರೆಯಬಾರದು. ಅಧೀನನ ಒಪ್ಪಿಗೆ ಒಪ್ಪಿಗೆಯಲ್ಲ, ಅವನ ಸಾಕ್ಷ್ಯವೂ ನಿರ್ಭಯವಲ್ಲ.

ಇಷ್ಟಕ್ಕೂ ಒಪ್ಪದವರಿಗೆ ಸುಲಭವಾದ ಒಂದು ದಾರಿಯಿದೆ. ಇಪ್ಪತ್ತು ಸೀಸೆಗಳಲ್ಲಿ ಹತ್ತಕ್ಕೆ ಔಷಧ, ಹತ್ತಕ್ಕೆ ನೀರು, ಪಟ್ಟಿಗೆ ಮುದ್ರೆ. ತಮ್ಮ ಶಾಸ್ತ್ರದಲ್ಲಿ ನುರಿತ ಪರೀಕ್ಷಕರನ್ನೇ ಆರಿಸಿ, ಬೇಕಾದಷ್ಟು ಕಾಲವನ್ನು ತೆಗೆದುಕೊಂಡು, ಇದು ಔಷಧ, ಇದು ನೀರು ಎಂದು ಬೇರ್ಪಡಿಸಲಿ. ಮತ್ತೆ ಮತ್ತೆ ಬೇರ್ಪಡಿಸಿ ತೋರಿಸಲಿ. ಹಾಲನ್ನೂ ನೀರನ್ನೂ ಬೇರೆ ಮಾಡುವುದರಿಂದಲೇ ಹಂಸಕ್ಕೆ ಕೀರ್ತಿ. ಬೇರ್ಪಡಿಸಿ ತೋರಿಸಿದರೆ ವಿರೋಧಿಗಳೂ ತಲೆಬಾಗುವರು. ಅಲ್ಲಿಯ ವರೆಗೆ ನಡುರಾತ್ರಿಯಲ್ಲಿ ಜ್ವರದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಪುಸ್ತಕವನ್ನು ಮಗುಚುತ್ತಿರುವ ತಂದೆಗೆ ಹೇಳತಕ್ಕ ಮಾತು ಒಂದೇ: ಪುಸ್ತಕವನ್ನು ಮುಚ್ಚಿ, ಮಗುವನ್ನು ವೈದ್ಯನ ಬಳಿಗೆ ಕರೆದುಕೊಂಡು ಹೋಗಲಿ.