ಕಣ್ಣಿನ ಮಂಜೆಲ್ಲ ಪೊರೆಯಲ್ಲ

ಸಕ್ಕರೆ ಕಾಯಿಲೆ ಪಟ್ಟಣದಲ್ಲಿ ಕೂತು ತಿನ್ನುವವರದು, ಗೇಯುವವನಿಗೆ ಬರೋದಿಲ್ಲ ಅನ್ನುವ ಮಾತನ್ನು ಇನ್ನು ಬಿಡಿ. ಅದು ಹಳ್ಳಿಗೂ ಬಂದು ಕೂತಿದೆ. ನಿಮ್ಮ ಬೀದಿಯಲ್ಲೇ ಎಷ್ಟು ಜನ ಮಾತ್ರೆ ನುಂಗುತ್ತಿದ್ದಾರೆ, ಎಣಿಸಿ ನೋಡಿ.

ಕಣ್ಣು ಮಂಜಾದರೆ 'ಪೊರೆ ಬಂದಿದೆ, ಬಲಿಯಲಿ, ಸುಗ್ಗಿ ಆದಮೇಲೆ ತೆಗೆಸಿದರಾಯ್ತು' ಅನ್ನುವುದು ನಮ್ಮಲ್ಲಿ ರೂಢಿ. ಬರೀ ಪೊರೆಯಾಗಿದ್ದರೆ ಒಂದು ಸುಗ್ಗಿ ಕಾದದ್ದಕ್ಕೆ ಸಾಮಾನ್ಯವಾಗಿ ಕಣ್ಣೇನೂ ಹೋಗುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯವನ ಕಣ್ಣೊಳಗೆ ನಡೆಯುತ್ತಿರುವುದು ಬೇರೆಯೇ ಇರಬಹುದು. ಕಣ್ಣಿನ ಹಿಂಗೋಡೆಗೆ ಅಂಟಿದ ತೆಳುಪರದೆಯೇ ರೆಟಿನಾ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಅದರ ಸಣ್ಣ ರಕ್ತನಾಳಗಳು ಕೆಡುತ್ತವೆ. ರಕ್ತ ಸಾಲದ ಕಡೆ ಹೊಸ ನಾಳಗಳು ಕಳೆಯ ಹಾಗೆ ಹುಟ್ಟಿ ಹಬ್ಬುತ್ತವೆ. ಅವು ಒಡೆದು ರಕ್ತ ಸೋರುತ್ತದೆ. ಜೊತೆಗೆ ಬೆಳೆದ ನಾರು ಮುದುಡುತ್ತಾ ಪರದೆಯನ್ನೇ ಎಳೆದು ಕೀಳುತ್ತದೆ. ನೋವು ಮಾತ್ರ ಒಂದಿಷ್ಟೂ ಇಲ್ಲ. ಅದೇ ಮೋಸ.

ಹೀಗೆ ಕಿತ್ತ ಪರದೆಯನ್ನು ಹನಿ ಔಷಧಿಯಾಗಲಿ ಸೊಪ್ಪಿನ ರಸವಾಗಲಿ ಕೂಡಿಸಲಾರದು. ಬೇಕಾದ್ದು ವಿಟ್ರೆಕ್ಟಮಿ ಎಂಬ ಆಪರೇಷನ್. ಇದನ್ನು 1970ರಲ್ಲಿ ಅಮೆರಿಕದಲ್ಲಿ ಆರಂಭಿಸಿದವರು ರಾಬರ್ಟ್ ಮಾಕೆಮರ್ ಎಂಬ ವೈದ್ಯರು. ಕಣ್ಣಿನ ಬಿಳಿಭಾಗದಲ್ಲಿ ಒಂದು ಮಿಲಿಮೀಟರಿಗಿಂತ ಸಣ್ಣ ಮೂರು ತೂತು ಮಾಡಿ, ಒಳಗಿನ ಲೋಳೆಯನ್ನು ಕತ್ತರಿಸಿ ಹೀರಿ, ನಾರನ್ನು ಬಿಡಿಸಿ, ಪರದೆಯನ್ನು ಕೂರಿಸಿ ಲೇಸರ್ ಹಾಕುತ್ತಾರೆ. ಅದು ಕೂತಿರಲೆಂದು ಎಷ್ಟೋ ಸಲ ಗಾಳಿ ಅಥವಾ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಆಮೇಲೆ ಕೆಲವು ದಿನ ಬೋರಲು ಮಲಗಬೇಕಾಗಬಹುದು. ಗಾಳಿ ತಾನೇ ಕರಗುತ್ತದೆ. ಅದು ಇರುವ ತನಕ ವಿಮಾನ ಕೂಡದು, ಘಟ್ಟ ಹತ್ತುವ ಮುಂಚೆಯೂ ವೈದ್ಯರನ್ನು ಕೇಳಿ. ಎಣ್ಣೆಯನ್ನಾದರೆ ಸಾಮಾನ್ಯವಾಗಿ ಕೆಲವು ತಿಂಗಳಾದ ಮೇಲೆ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು.

ಇಲ್ಲೇ ಲೆಕ್ಕ ತಪ್ಪುವುದು. ಒಂದು ಆಪರೇಷನ್ನಿಗೆಂದು ಸಾಲ ಎತ್ತಿದವನು ಎರಡನೆಯದಕ್ಕೆ ಮತ್ತೆ ಅದೇ ಬಡ್ಡಿಯವನ ಬಾಗಿಲಿಗೆ ಹೋಗುತ್ತಾನೆ. ಆದ್ದರಿಂದ ಒಪ್ಪಿಗೆಗೆ ಹೆಬ್ಬೆಟ್ಟು ಒತ್ತುವ ಮುಂಚೆಯೇ ಕೇಳಿ: ಎಣ್ಣೆಯೋ ಗಾಳಿಯೋ? ಒಟ್ಟು ಎಷ್ಟು ಸಲ, ಎಷ್ಟು ಹಣ? ಆಯುಷ್ಮಾನ್ ಕಾರ್ಡು, ಯಶಸ್ವಿನಿ ಕಾರ್ಡು ನಡೆಯುತ್ತದೆಯೇ? ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ಅನ್ನುವುದನ್ನೂ ಮರೆಯಬೇಡಿ. ಇಷ್ಟಾದರೂ ಹೋದ ದೃಷ್ಟಿಯೆಲ್ಲ ವಾಪಸ್ ಬರುತ್ತದೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಎಷ್ಟೋ ಸಲ ಉಳಿದದ್ದು ಉಳಿದರೆ ಅದೇ ಲಾಭ. ಪರದೆಯ ನಡುಭಾಗವೇ ಕಿತ್ತಿದ್ದರಂತೂ ಒಂದೊಂದು ವಾರವೂ ನಷ್ಟ.

ಹೊಸ ನಾಳ ಹುಟ್ಟಿದಾಗಲೇ ಲೇಸರ್ ಹಾಕಿಸಿದ್ದರೆ ಬಹಳ ಜನಕ್ಕೆ ಈ ಖರ್ಚೇ ಬರುತ್ತಿರಲಿಲ್ಲ. ಸಕ್ಕರೆ ಇದ್ದವರು, ಕಣ್ಣು ಚೆನ್ನಾಗೇ ಕಾಣುತ್ತಿದ್ದರೂ, ವರ್ಷಕ್ಕೊಮ್ಮೆ ಪಾಪೆ ಅಗಲಿಸುವ ಹನಿ ಹಾಕಿಸಿ ಒಳಪರದೆ ತೋರಿಸಿ. ಕನ್ನಡಕದ ನಂಬರು ನೋಡಿ ಕಳಿಸುವ ಶಿಬಿರದಲ್ಲಿ ಇದು ತಿಳಿಯುವುದಿಲ್ಲ. ಕಪ್ಪು ಚುಕ್ಕೆ ತೇಲಿದರೆ, ತೆರೆ ಇಳಿದಂತಾದರೆ ಆವತ್ತೇ ಬಸ್ಸು ಹತ್ತಿ.