ಓದುವವರಿಲ್ಲದ ದಫ್ತರ

ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರಂದು ಕನ್ನಡ ರಾಜ್ಯದಲ್ಲಿ ಸೇರಿದುವಾದರೂ, ಅವುಗಳ ಲಿಖಿತ ಸ್ಮೃತಿಯ ದೊಡ್ಡದೊಂದು ಭಾಗವು ಹಿಂದಿನ ನಿಜಾಮ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನಲ್ಲಿಯೇ ಉಳಿದುಹೋಯಿತೆಂಬುದನ್ನು ನಾವು ಮರೆತಿದ್ದೇವೆ. ಅಲ್ಲಿಯ ತಾರ್ನಾಕದ ರಾಜ್ಯ ಪತ್ರಾಗಾರದಲ್ಲಿ ಷಹಜಹಾನ್ ಮತ್ತು ಔರಂಗಜೇಬರ ಆಳಿಕೆಯ ಸುಮಾರು ಒಂದೂವರೆ ಲಕ್ಷ ಪಾರಸಿ ಕಾಗದಗಳೂ, ಆ ಬಳಿಕ ನಿಜಾಮರ ಸರ್ಕಾರ ನಡೆಸಿದ ದಫ್ತರಗಳೂ ಇವೆ. ವಕೀಲಿ, ನೌಕರಿ, ವಿದ್ಯಾಭ್ಯಾಸಗಳ ನಿಮಿತ್ತ ಬಂದು ಕಾಚಿಗುಡ, ಸುಲ್ತಾನ್ ಬಜಾರುಗಳ ಕಡೆಯಲ್ಲಿ ನೆಲೆನಿಂತ ಕನ್ನಡ ಕುಟುಂಬಗಳ ಟ್ರಂಕುಗಳಲ್ಲಾದರೋ, ಉರ್ದುವಿನ ತೀರ್ಪು, ಮೋಡಿ ಲಿಪಿಯ ಲೆಕ್ಕ, ಕನ್ನಡದ ಕ್ಷೇಮಸಮಾಚಾರ, ಮದುವೆಯ ಭಾವಚಿತ್ರ ಇವೆಲ್ಲ ಒಂದೇ ಗಂಟಿನಲ್ಲಿ ಕೂಡಿಕೊಂಡಿರುತ್ತವೆ.

ಈ ಸಂಪತ್ತಿಗೆ ಗೆದ್ದಲು, ತೇವ, ಬೆಂಕಿಗಳಿಂದ ಅಪಾಯವುಂಟೆಂಬುದನ್ನು ಎಲ್ಲರೂ ಬಲ್ಲರು. ಆದರೆ ಕಾಗದಕ್ಕಿಂತ ಶೀಘ್ರವಾಗಿ ನಶಿಸುತ್ತಿರುವುದು ಅದನ್ನು ಓದುವ ವಿದ್ಯೆ ಎಂಬುದೇ ನನ್ನ ನಿಶ್ಚಿತವಾದ ಅಭಿಪ್ರಾಯ. ಕೈಯಿಂದ ತಯಾರಿಸಿದ ಕಾಗದದ ಮೇಲೆ ಕಾಡಿಗೆಯ ಮಸಿಯಲ್ಲಿ ಬರೆದ ಹದಿನೇಳನೆಯ ಶತಮಾನದ ಅಕ್ಷರಗಳು ಇಂದಿಗೂ ಸ್ಫುಟವಾಗಿವೆ. 1918ರಲ್ಲಿ ಸ್ಥಾಪಿತವಾಗಿ ಉರ್ದುವನ್ನೇ ಬೋಧನಾಭಾಷೆಯಾಗಿ ಸ್ವೀಕರಿಸಿದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ 1948ಕ್ಕೆ ಮುನ್ನ ಓದಿದ ಕನ್ನಡಿಗರಾದರೋ, ಇಂದು ಬದುಕಿದ್ದಲ್ಲಿ ತೊಂಬತ್ತನ್ನು ದಾಟಿದವರು. ಅಕ್ಷರಗಳನ್ನು ಮುರಿದು ಕೂಡಿಸಿ, ಚುಕ್ಕೆಗಳನ್ನು ಬಿಟ್ಟು ವೇಗವಾಗಿ ಬರೆಯುವ ಶಿಕಸ್ತಾ ಬರವಣಿಗೆಯನ್ನು ನಿರಾಯಾಸವಾಗಿ ಓದಬಲ್ಲ ಆ ಪೀಳಿಗೆ ಕಣ್ಮರೆಯಾದ ಮೇಲೆ, ಮೊಮ್ಮಕ್ಕಳ ಕೈಯಲ್ಲಿ ಕಾಗದವು ಅಖಂಡವಾಗಿದ್ದೂ ಮೂಕವಾಗಿರುವುದು.

ಓದುವಿಕೆಯಿಂದ ಎಷ್ಟು ಪ್ರಯೋಜನವೆಂಬುದಕ್ಕೆ ನಿಜಾಮ ಸಂಸ್ಥಾನದ ಇತಿಹಾಸವೇ ಸಾಕ್ಷಿ. ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯು ಇಪ್ಪತ್ತೆರಡು ಶತಮಾನಗಳ ಕಾಲ ಬಿಸಿಲು ಮಳೆಗಳನ್ನು ಸಹಿಸಿ ನಿಂತಿತ್ತು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರರಾದ ಬೀಡನ್ ಎಂಬವರು ಅದರ ಬರಹವನ್ನು ಗುರುತಿಸಿ, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದಿನ ಪುರಾತತ್ತ್ವ ಇಲಾಖೆಯು ತನ್ನ ಗ್ರಂಥಮಾಲೆಯ ಮೊದಲನೆಯ ಕುಸುಮವಾಗಿ ಪ್ರಕಟಿಸಿದಾಗಲೇ, ದೇವಾನಾಂಪ್ರಿಯನೆಂದು ಶಾಸನಗಳಲ್ಲಿ ಕರೆಯಿಸಿಕೊಂಡವನು ಅಶೋಕನೇ ಎಂಬುದು ಅವನ ಹೆಸರಿನ ಸಮೇತ ಸಿದ್ಧವಾಯಿತು. ಕಲ್ಲಿಗೆ ಕಾಯುವ ತಾಳ್ಮೆಯುಂಟು. ಟ್ರಂಕಿನ ಕಾಗದಕ್ಕೆ ಅದಿಲ್ಲ.

ಲಿಪಿಯನ್ನು ಬಲ್ಲವನೂ ಕಾಲಗಣನೆಯನ್ನರಿಯದಿದ್ದರೆ ಎಡವುತ್ತಾನೆ. ನಿಜಾಮರ ಸರ್ಕಾರಿ ಕಾಗದಗಳಲ್ಲಿ ಫಸಲಿ ಎಂಬ ಕಂದಾಯ ವರ್ಷವನ್ನೂ ಆಜೂರ್, ಬಹಮನ್, ಖುರ್ದಾದ್ ಮೊದಲಾದ ಪಾರಸಿ ಮಾಸಗಳನ್ನೂ ನಮೂದಿಸುವುದು ವಾಡಿಕೆಯಾಗಿತ್ತು. ಫಸಲಿಗೆ 590ನ್ನು ಕೂಡಿಸಿದರೆ ಕ್ರಿಸ್ತಶಕ ಬರುವುದೆಂಬ ಸ್ಥೂಲ ಸೂತ್ರವನ್ನೇ ನಂಬಿದವನು, ವರ್ಷಾರಂಭವು ಅಕ್ಟೋಬರಿನಲ್ಲಿಯೆಂಬುದನ್ನು ಮರೆತು, 1338ರ ಖುರ್ದಾದಿನ ಪತ್ರವನ್ನು 1928ಕ್ಕೆ ಸೇರಿಸಿಬಿಡುವನು. ಅದು ನಿಜವಾಗಿ 1929ರ ಬೇಸಿಗೆಯದು. ಅದೇ ಅಂಕಿಯ ಫಸಲಿಯು ನೆರೆಯ ಬಳ್ಳಾರಿಯಲ್ಲಿ, ಮದ್ರಾಸಿನ ಪದ್ಧತಿಯಂತೆ, ಜುಲೈ ತಿಂಗಳಲ್ಲಿಯೇ ಆರಂಭವಾಗಿರುತ್ತಿತ್ತು. ಜಮೀನಿನ ಹಕ್ಕು, ಮನೆತನದ ವಂಶಾವಳಿ, ಬರಗಾಲದ ಕಥೆ ಎಲ್ಲವೂ ಇಂತಹ ಒಂದು ವರ್ಷದ ಅಂತರದಲ್ಲಿ ತಲೆಕೆಳಗಾಗಬಹುದು.

ಭಾವಚಿತ್ರಗಳಿಗೆ ಲಿಪಿಯ ತೊಡಕಿಲ್ಲವೆಂದು ತೋರುವುದರಿಂದಲೇ ಅವು ನಮ್ಮನ್ನು ಸುಲಭವಾಗಿ ದಾರಿತಪ್ಪಿಸುತ್ತವೆ. ಶೇರ್ವಾನಿಯನ್ನು ತೊಟ್ಟು ಕುರ್ಚಿಯಲ್ಲಿ ಕುಳಿತ ಗೃಹಸ್ಥನನ್ನು ಮುಸಲ್ಮಾನನೆಂದು ಮೊಮ್ಮಗನು ಭ್ರಮಿಸಿಯಾನು. ಅದಾದರೋ ಮತಭೇದವಿಲ್ಲದೆ ಸರ್ಕಾರಿ ನೌಕರರೂ ವಕೀಲರೂ ಧರಿಸುತ್ತಿದ್ದ ಉಡುಪು. ಆರನೆಯ ನಿಜಾಮರ ಆಸ್ಥಾನದ ಛಾಯಾಚಿತ್ರಕಾರರಾದ ರಾಜಾ ದೀನದಯಾಳರ 2,857 ಗಾಜಿನ ಫಲಕಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು ಕೊಂಡು ರಕ್ಷಿಸಿತು. ದೊರೆಗಳ ಮುಖಗಳಿಗೆ ಅಂತಹ ಆಶ್ರಯ ದೊರೆಯಿತು; ಶಾಲಾಮಾಸ್ತರರ, ಗುಮಾಸ್ತರ, ಹೆಸರು ತಿಳಿಯದ ಸೊಸೆಯಂದಿರ ಮುಖಗಳಿಗೆ ಮನೆಯವರ ನೆನಪಲ್ಲದೆ ಬೇರೆ ಆಶ್ರಯವಿಲ್ಲ.

ಆದುದರಿಂದ ಪ್ರತಿಯೊಂದು ಮನೆಯವರೂ ಮಾಡತಕ್ಕ ಕೆಲಸಗಳು ಕೆಲವಿವೆ. ಗಂಟನ್ನು ಬಿಚ್ಚುವ ಮೊದಲು ಅದರ ಕ್ರಮವನ್ನು ಬರೆದಿಡಬೇಕು. ಯಾವ ಕಾಗದ ಯಾವುದರ ಜೊತೆಗಿತ್ತೆಂಬುದೂ ಸಾಕ್ಷ್ಯವೇ. ತುಕ್ಕು ಹಿಡಿದ ಗುಂಡುಸೂಜಿಗಳನ್ನು ಮೆಲ್ಲನೆ ತೆಗೆಯಬೇಕು; ಸೆಲೊಟೇಪು ಅಂಟಿಸುವುದನ್ನೂ, ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆಯಿಂದ ಬಿಸಿ ಲ್ಯಾಮಿನೇಷನ್ ಮಾಡಿಸುವುದನ್ನೂ ಬಿಡಬೇಕು, ಏಕೆಂದರೆ ಒಮ್ಮೆ ಅಂಟಿದ ಆ ಹಾಳೆಯನ್ನು ಕಾಗದಕ್ಕೆ ಕೇಡಾಗದಂತೆ ಬಿಡಿಸುವುದು ಬಹು ಕಷ್ಟ. ಚಿತ್ರದ ಹಿಂಬದಿಯ ಅಂಚಿನಲ್ಲಿ ಮೆದುವಾದ ಪೆನ್ಸಿಲಿನಿಂದ ಹೆಸರು, ಊರು, ಸಂದರ್ಭಗಳನ್ನು ಬರೆಯಬೇಕು. ಪ್ರತಿ ತೆಗೆಯುವಾಗ ಹಿಂಬದಿಯನ್ನು ಬಿಡಕೂಡದು; ಮೊಹರು, ಸ್ಟುಡಿಯೋದ ಹೆಸರು, ಅಜ್ಜಿಯ ಟಿಪ್ಪಣಿ ಇರುವುದು ಅಲ್ಲಿಯೇ. ಎಲ್ಲಕ್ಕೂ ಮಿಗಿಲಾಗಿ, ಹಿರಿಯರ ಮುಂದೆ ಆ ಕಾಗದಗಳನ್ನಿಟ್ಟು ಅವರು ಓದಿ ವಿವರಿಸುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಈ ಕಾರ್ಯವನ್ನು ಮುಂದಿನ ರಜೆಗೆಂದು ಮುಂದೂಡಲಾಗದು.

ಮನೆಯವರ ಶ್ರದ್ಧೆಯೊಂದೇ ಸಾಲದು. ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯವೂ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಇತಿಹಾಸದ ವಿದ್ಯಾರ್ಥಿಗಳಿಗೆ ಪಾರಸಿ, ಉರ್ದು ಮತ್ತು ಮೋಡಿ ಲಿಪಿಗಳ ಶಿಕ್ಷಣವನ್ನು ದೃಢವಾದ ತಳಹದಿಯ ಮೇಲೆ ಕೊಡಬೇಕು. ಕರ್ನಾಟಕ ಸರ್ಕಾರವು ಅವರನ್ನು ವೇತನ ಸಹಿತ ತಾರ್ನಾಕಕ್ಕೆ ಕಳುಹಿಸಬೇಕು. ಹೈದರಾಬಾದಿನ ಕರ್ನಾಟಕ ಸಾಹಿತ್ಯ ಮಂದಿರದಂತಹ ಸಂಸ್ಥೆಗಳು ಮನೆಗಳ ಕಾಗದಗಳಿಗೆ ಪಟ್ಟಿಯನ್ನು ಸಿದ್ಧಪಡಿಸಬೇಕು. ಕಟ್ಟಡ, ಕಪಾಟು, ಯಂತ್ರಗಳಿಗೆ ಹಣವನ್ನು ಯಾವ ವರ್ಷವಾದರೂ ಒದಗಿಸಬಹುದು. ಓದಿ ಹೇಳಬಲ್ಲವರನ್ನು ಹಣದಿಂದ ಪಡೆಯಲಾಗದು, ಬಲ್ಲವರು ಇರುವಾಗಲೇ ಅವರಿಂದ ಕಲಿಯಬೇಕು.